ಓದುಗರ ಪ್ರಶ್ನೋತ್ತರ: ನಾಲ್ಕು ಸೆಕೆಂಡಿನ ಓಟಕ್ಕೆ ಒಂಬತ್ತು ತಿಂಗಳ ತಿರುಗಾಟ

ಪ್ರಶ್ನೆ: ಅಮೆರಿಕದ ಷಾರ್ಲಟ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಏಪ್ರಿಲ್ ತಿಂಗಳ ಕೊನೆಯಲ್ಲಿ ಡ್ರ್ಯಾಗ್ ರೇಸ್ ನೋಡಿದೆವು. ನಾಲ್ಕು ಕಾರುಗಳು ಒಟ್ಟಿಗೆ ಹೊರಟವು. ನಾವು ಊರಿಗೆ ಮರಳುವ ಮೊದಲು, ಸೆಪ್ಟೆಂಬರಿನಲ್ಲಿ, ಅದೇ ಜಾಗದಲ್ಲಿ ಮತ್ತೆ ರೇಸ್ ನಡೆಯಿತು. ಆಗ ಓಡಿದ್ದು ಎರಡೆರಡೇ. ಒಂದೇ ಊರಿಗೆ ವರ್ಷದಲ್ಲಿ ಎರಡು ಸಲ ಬರುವುದೇಕೆ? ಈ ವೇಳಾಪಟ್ಟಿಯನ್ನು ಯಾರು, ಯಾವ ಲೆಕ್ಕಾಚಾರದಿಂದ ಮಾಡುತ್ತಾರೆ?
— ನಿವೃತ್ತ ಬ್ಯಾಂಕ್ ಅಧಿಕಾರಿ, ತುಮಕೂರು

ಉತ್ತರ: ಡ್ರ್ಯಾಗ್ ರೇಸ್ ಎಂದರೆ ಚಿಕ್ಕದಾದ ನೇರ ಟ್ರ್ಯಾಕಿನಲ್ಲಿ, ನಿಂತಲ್ಲಿಂದ ಒಟ್ಟಿಗೆ ಹೊರಟು, ಮೊದಲು ತುದಿ ಮುಟ್ಟಿದವರು ಗೆಲ್ಲುವ ಓಟ. ನೀವು ನೋಡಿದ್ದು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ, ನಡೆಸುವ ರಾಷ್ಟ್ರೀಯ ಸರಣಿಯ ಎರಡು ಸುತ್ತುಗಳನ್ನು. ಬೀದಿಗಳಲ್ಲಿ ಪ್ರಾಣದ ಹಂಗಿಲ್ಲದೆ ಕಾರು ಓಡಿಸುತ್ತಿದ್ದ ಕ್ಯಾಲಿಫೋರ್ನಿಯಾದ ಯುವಕರನ್ನು ನಿಯಮವಿರುವ ಟ್ರ್ಯಾಕಿಗೆ ಕರೆತರಬೇಕೆಂದು, ಮೋಟಾರು ಪತ್ರಿಕೆಯೊಂದರ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ಸಂಸ್ಥೆಯ ಮಾನ್ಯತೆ ಪಡೆದ ಮೊದಲ ಸ್ಪರ್ಧೆ ನಡೆದದ್ದು 1953ರ ಏಪ್ರಿಲ್‌ನಲ್ಲಿ, ಪೊಮೋನಾ ಊರಿನ ಜಾತ್ರೆ ಮೈದಾನದ ವಾಹನ ನಿಲುಗಡೆ ಜಾಗದಲ್ಲಿ. ಇಂದಿಗೂ ಋತುವಿನ ಕೊನೆಯ ಸುತ್ತು ಅದೇ ಪೊಮೋನಾದಲ್ಲಿ ನಡೆಯುತ್ತದೆ.

ವೇಳಾಪಟ್ಟಿಯ ಮೊದಲ ಯಜಮಾನ ಹವಾಮಾನ. 2025ರ ಋತುವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ 20 ಸುತ್ತುಗಳಿದ್ದವು. ಮಾರ್ಚ್ ಆರಂಭದಲ್ಲಿ ಉತ್ತರದ ರಾಜ್ಯಗಳಲ್ಲಿ ಇನ್ನೂ ಹಿಮ ಕರಗಿರುವುದಿಲ್ಲವಾದ್ದರಿಂದ ಋತು ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಆರಂಭವಾಗಿ, ಅರಿಜೋನಾದ ಫೀನಿಕ್ಸ್, ಕ್ಯಾಲಿಫೋರ್ನಿಯಾದ ಪೊಮೋನಾ, ನೆವಾಡಾದ ಲಾಸ್ ವೇಗಸ್ ಎಂದು ಬೆಚ್ಚಗಿರುವ ದಕ್ಷಿಣದಲ್ಲೇ ಸುತ್ತಾಡಿತು. ಏಪ್ರಿಲ್ ಕೊನೆಗೆ ನಿಮ್ಮ ಷಾರ್ಲಟ್. ಮೇ ತಿಂಗಳಲ್ಲಿ ಷಿಕಾಗೋ, ಬಳಿಕ ನ್ಯೂ ಹ್ಯಾಂಪ್‌ಷೈರ್‌ನ ಎಪಿಂಗ್, ಟೆನೆಸಿಯ ಬ್ರಿಸ್ಟಲ್, ವರ್ಜೀನಿಯಾ, ಒಹಾಯೋದ ನಾರ್‌ವಾಕ್; ಜುಲೈನಲ್ಲಿ ಪಶ್ಚಿಮ ಕರಾವಳಿಯ ಸಿಯಾಟಲ್ ಮತ್ತು ಸೊನೋಮಾ; ಆಗಸ್ಟ್‌ನಲ್ಲಿ ಮಿನೆಸೋಟಾದ ಬ್ರೇನರ್ಡ್. ವಸಂತ ಉತ್ತರಕ್ಕೆ ಸರಿದಂತೆ ಇವರೂ ಸರಿಯುತ್ತಾರೆ, ಚಳಿ ಇಳಿದು ಬಂದಂತೆ ಮತ್ತೆ ದಕ್ಷಿಣಕ್ಕೆ ಇಳಿಯುತ್ತಾರೆ. ಕರಾವಳಿಯ ಓದುಗರಿಗೆ ಯಕ್ಷಗಾನ ಮೇಳಗಳ ತಿರುಗಾಟ ನೆನಪಾದರೆ ತಪ್ಪಿಲ್ಲ. ಪತ್ತನಾಜೆಯ ಬಳಿಕ ಮೇಳಗಳು ಗೆಜ್ಜೆ ಬಿಚ್ಚುವ ಹಾಗೆ ಇವರು ನವೆಂಬರ್ ಮಧ್ಯದಲ್ಲಿ ಗಂಟುಮೂಟೆ ಕಟ್ಟುತ್ತಾರೆ.

ಎರಡನೆಯ ಯಜಮಾನ ಟ್ರಕ್. ಒಂದು ವೃತ್ತಿಪರ ತಂಡವೆಂದರೆ ಕಾರು ಮತ್ತು ಚಾಲಕ ಮಾತ್ರವಲ್ಲ. ಬಿಡಿ ಎಂಜಿನ್‌ಗಳು, ಕ್ಲಚ್ ತಟ್ಟೆಗಳು, ಇಂಧನ ಪೀಪಾಯಿಗಳು, ಲೇತ್ ಯಂತ್ರ ಎಲ್ಲವನ್ನೂ ಹೊತ್ತ ಉದ್ದನೆಯ ಟ್ರೇಲರುಗಳು ಜೊತೆಗೇ ಬರಬೇಕು. ಸಿಯಾಟಲ್‌ನಲ್ಲಿ ಭಾನುವಾರ ಸಂಜೆ ಫೈನಲ್ ಮುಗಿದರೆ, ಸಾವಿರದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಸೊನೋಮಾದಲ್ಲಿ ಶುಕ್ರವಾರ ಅರ್ಹತಾ ಓಟ. ನಡುವಿನ ನಾಲ್ಕು ದಿನಗಳಲ್ಲಿ ಪ್ರಯಾಣ, ರಿಪೇರಿ, ನಿದ್ದೆ ಮೂರೂ ಆಗಬೇಕು. ಆದ್ದರಿಂದಲೇ ಹತ್ತಿರದ ಊರುಗಳನ್ನು ಬೆನ್ನುಬೆನ್ನಿಗೆ ಜೋಡಿಸಿ, ದೇಶದ ಈ ತುದಿಯಿಂದ ಆ ತುದಿಗೆ ಹೋಗುವಲ್ಲಿ ಎರಡು ಮೂರು ವಾರಗಳ ಬಿಡುವು ಕೊಡುತ್ತಾರೆ. ಹಿಂದೆ ಜುಲೈನಲ್ಲಿ ಡೆನ್ವರ್, ಸಿಯಾಟಲ್, ಸೊನೋಮಾ ಮೂರೂ ಒಂದರ ಹಿಂದೊಂದು ವಾರ ಬರುತ್ತಿದ್ದವು. ಇದಕ್ಕೆ ವೆಸ್ಟರ್ನ್ ಸ್ವಿಂಗ್ ಎಂಬ ಹೆಸರು. ಡೆನ್ವರ್ ಬಳಿಯ ಬ್ಯಾಂಡಿಮಿಯರ್ ಟ್ರ್ಯಾಕ್ ಸಮುದ್ರಮಟ್ಟದಿಂದ ಸುಮಾರು 5,800 ಅಡಿ ಎತ್ತರದಲ್ಲಿತ್ತು; ಅಲ್ಲಿನ ತೆಳುಗಾಳಿಗೆ ಹೊಂದಿಸಿದ ಎಂಜಿನ್ ಮುಂದಿನ ವಾರ ಸಮುದ್ರದ ಮಗ್ಗುಲಿನ ಗಾಳಿಗೆ ಸರಿಹೋಗುತ್ತಿರಲಿಲ್ಲ. ಮೂರನ್ನೂ ಒಬ್ಬರೇ ಗೆಲ್ಲುವುದು ಅಷ್ಟು ಕಷ್ಟವಾಗಿತ್ತು. 1991ರಲ್ಲಿ ಜೋ ಅಮಾಟೋ ಅದನ್ನು ಮೊದಲು ಸಾಧಿಸಿದರು. ಒಂದೇ ಕುಟುಂಬ ದಶಕಗಳ ಕಾಲ ನಡೆಸಿದ ಆ ಟ್ರ್ಯಾಕ್ 2023ರಲ್ಲಿ ಮುಚ್ಚಿತು. ಒಂದು ಟ್ರ್ಯಾಕ್ ಮುಚ್ಚಿದರೆ ಇಡೀ ಜುಲೈ ತಿಂಗಳ ಲೆಕ್ಕವೇ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನು ನಿಮ್ಮ ನೇರ ಪ್ರಶ್ನೆ. ಷಾರ್ಲಟ್‌ನ ಜೀಮ್ಯಾಕ್ಸ್ ಡ್ರ್ಯಾಗ್‌ವೇಯಲ್ಲಿ ಎರಡರ ಬದಲು ನಾಲ್ಕು ಲೇನ್‌ಗಳಿವೆ. ವಸಂತದ ಸುತ್ತನ್ನು ನಾಲ್ಕು ಕಾರುಗಳ ಪದ್ಧತಿಯಲ್ಲಿ ನಡೆಸುವುದನ್ನು 2010ರಲ್ಲಿ ಅಲ್ಲಿ, 2018ರಲ್ಲಿ ಲಾಸ್ ವೇಗಸ್‌ನಲ್ಲಿ ಆರಂಭಿಸಿದರು: ನಾಲ್ವರಲ್ಲಿ ಮೊದಲಿಬ್ಬರು ಮುಂದಕ್ಕೆ. ಹದಿನಾರು ಕಾರುಗಳ ಸ್ಪರ್ಧೆ ನಾಲ್ಕರ ಬದಲು ಮೂರೇ ಹಂತಗಳಲ್ಲಿ ಮುಗಿಯುತ್ತದೆ. ದೊಡ್ಡ ಪ್ರೇಕ್ಷಕಾಂಗಣ ಇರುವ, ವಸಂತದಲ್ಲೂ ಶರತ್ಕಾಲದಲ್ಲೂ ಹವೆ ಅನುಕೂಲವಾಗಿರುವ ಊರುಗಳು ಹೆಚ್ಚಿಲ್ಲ. ಆದ್ದರಿಂದ 2025ರಲ್ಲಿ ಷಾರ್ಲಟ್, ಲಾಸ್ ವೇಗಸ್, ಪೊಮೋನಾಗಳಿಗೆ ಎರಡೆರಡು ಸಲ ಬಂದರು. ಎರಡನೆಯ ಸಲ ಬಂದಾಗ ಅದೇ ಊರು ಬೇರೆಯಾಗಿ ಕಾಣಲಿ ಎಂಬುದೂ ನಾಲ್ಕು ಕಾರುಗಳ ಹಿಂದಿನ ವ್ಯಾಪಾರಿ ಜಾಣತನ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಓಟ ನಾಲ್ಕು ಸೆಕೆಂಡಿಗೂ ಮೊದಲೇ ಮುಗಿಯುತ್ತದೆ. ಹಾಗಿದ್ದರೂ ಒಂದು ಸುತ್ತಿಗೆ ಮೂರು ದಿನಗಳು ಏಕೆ ಬೇಕು?
— ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆ ನಾಲ್ಕು ಸೆಕೆಂಡುಗಳಲ್ಲಿ ಎಂಜಿನ್‌ಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ವೇಳಾಪಟ್ಟಿ ತಾನಾಗಿಯೇ ಅರ್ಥವಾಗುತ್ತದೆ. ಅತಿ ವೇಗದ ಎರಡು ವರ್ಗಗಳಾದ ಟಾಪ್ ಫ್ಯುಯೆಲ್ ಮತ್ತು ಫನ್ನಿ ಕಾರ್‌ಗಳ ವಾಹನಗಳು ಶೇ 90ರಷ್ಟು ನೈಟ್ರೋಮೀಥೇನ್ ಇರುವ ಇಂಧನವನ್ನು ಸುಟ್ಟು, ಹತ್ತು ಸಾವಿರಕ್ಕೂ ಮೀರಿದ ಅಶ್ವಶಕ್ತಿ ಹೊಮ್ಮಿಸಿ, ಸಾವಿರ ಅಡಿಗಳ ಕೊನೆಗೆ ಗಂಟೆಗೆ 530 ಕಿಲೋಮೀಟರ್ ಆಸುಪಾಸಿನ ವೇಗ ಮುಟ್ಟುತ್ತವೆ. ಮೊದಲು ಇವೂ ಕಾಲು ಮೈಲು, ಅಂದರೆ 1,320 ಅಡಿ, ಓಡುತ್ತಿದ್ದವು. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಸ್ಕಾಟ್ ಕಲಿಟಾ ಅಪಘಾತದಲ್ಲಿ ತೀರಿಕೊಂಡ ಮೇಲೆ, ಈ ಎರಡು ವರ್ಗಗಳ ಓಟವನ್ನು ಸಾವಿರ ಅಡಿಗೆ ಇಳಿಸಲಾಯಿತು. ಉಳಿದ ವೃತ್ತಿಪರ ವರ್ಗಗಳಾದ ಪ್ರೊ ಸ್ಟಾಕ್ ಕಾರುಗಳೂ ಪ್ರೊ ಸ್ಟಾಕ್ ಮೋಟಾರ್ ಸೈಕಲ್‌ಗಳೂ ಈಗಲೂ ಕಾಲು ಮೈಲೇ ಓಡುತ್ತವೆ.

ಒಂದು ಓಟ ಮುಗಿಸಿ ಬಂದ ಟಾಪ್ ಫ್ಯುಯೆಲ್ ಕಾರನ್ನು ಪಿಟ್‌ನ, ಅಂದರೆ ತಂಡಗಳ ರಿಪೇರಿ ಜಾಗದ, ಚಪ್ಪರದಡಿ ಜ್ಯಾಕ್ ಮೇಲೆ ಎತ್ತಿ ನಿಲ್ಲಿಸಿದ ಕ್ಷಣದಿಂದ ಏನು ನಡೆಯುತ್ತದೆಂದು ನೋಡಿ. ಒಬ್ಬರು ಎಣ್ಣೆ ಇಳಿಸುತ್ತಾರೆ. ಇಬ್ಬರು ಸೂಪರ್‌ಚಾರ್ಜರ್ ಬಿಚ್ಚುತ್ತಾರೆ. ಎಡಕ್ಕೊಬ್ಬರು ಬಲಕ್ಕೊಬ್ಬರು ಸಿಲಿಂಡರ್ ಹೆಡ್‌ಗಳನ್ನು ಕಳಚುತ್ತಾರೆ. ಕೆಳಗೆ ಮಲಗಿದವರು ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್‌ಗಳನ್ನು ಹೊರಕ್ಕೆ ತಳ್ಳುತ್ತಾರೆ. ಹಿಂದುಗಡೆ ಇನ್ನೊಬ್ಬರು ಉಕ್ಕು ಸುಟ್ಟ ವಾಸನೆ ಬರುವ ಕ್ಲಚ್ ತಟ್ಟೆಗಳ ಇಡೀ ಅಡುಕನ್ನೇ ಹೊರತೆಗೆಯುತ್ತಾರೆ. ಒಂದೊಂದು ಸಿಲಿಂಡರಿಗೆ ಎರಡರಂತೆ ಹದಿನಾರು ಸ್ಪಾರ್ಕ್ ಪ್ಲಗ್‌ಗಳನ್ನು ಸಾಲಾಗಿ ತಟ್ಟೆಯಲ್ಲಿ ಜೋಡಿಸಿದಾಗ, ಅವುಗಳ ತುದಿ ಕರಗಿ ಮೊಂಡಾಗಿರುವುದು ಬರಿಗಣ್ಣಿಗೆ ಕಾಣುತ್ತದೆ. ತಂಡದ ಮುಖ್ಯ ತಂತ್ರಜ್ಞರಾದ ಕ್ರೂ ಚೀಫ್ ಆ ಮೊಂಡು ತುದಿಗಳನ್ನೂ ಕಂಪ್ಯೂಟರಿನ ಗೆರೆಗಳನ್ನೂ ನೋಡಿ ಮುಂದಿನ ಓಟಕ್ಕೆ ಇಂಧನ ಎಷ್ಟು, ಕ್ಲಚ್ ಎಷ್ಟು ಎಂದು ತೀರ್ಮಾನಿಸುತ್ತಾರೆ. ಒಂದು ಗಂಟೆಯ ಆಸುಪಾಸಿನಲ್ಲಿ ಎಂಜಿನ್ ಮತ್ತೆ ಜೋಡಣೆಯಾಗಿ, ಅಲ್ಲೇ ಒಮ್ಮೆ ಚಾಲೂ ಆಗಬೇಕು. ಹಗ್ಗದಾಚೆ ಮುತ್ತಿಕೊಂಡ ಪ್ರೇಕ್ಷಕರು ನೈಟ್ರೋ ಹೊಗೆಗೆ ಕಣ್ಣೀರು ಸುರಿಸುತ್ತಲೇ ನಿಂತಿರುತ್ತಾರೆ. ಯಾವ ಟಿಕೆಟ್ ಕೊಂಡವರಿಗೂ ಪಿಟ್ ಪ್ರವೇಶ ಉಂಟು ಎಂಬುದು ಈ ಕ್ರೀಡೆಯ ಹಳೆಯ ಸಂಪ್ರದಾಯ. ಬೇರೆ ಹಲವು ಮೋಟಾರು ಕ್ರೀಡೆಗಳಲ್ಲಿ ಇದಕ್ಕೆ ಪ್ರತ್ಯೇಕ ಹಣ ತೆರಬೇಕಾಗುತ್ತದೆ.

ಆ ಒಂದು ಗಂಟೆಯೇ ದಿನದ ವೇಳಾಪಟ್ಟಿಯ ಅಳತೆಗೋಲು. ನೈಟ್ರೋ ಕಾರುಗಳು ಪಿಟ್‌ನಲ್ಲಿರುವಾಗ ಟ್ರ್ಯಾಕ್ ಖಾಲಿ ಬಿಡುವಂತಿಲ್ಲ. ಆಗ ಪ್ರೊ ಸ್ಟಾಕ್, ಮೋಟಾರ್ ಸೈಕಲ್, ಆ ಬಳಿಕ ಸ್ಪೋರ್ಟ್ಸ್‌ಮನ್ ಎಂದು ಕರೆಯುವ ಹವ್ಯಾಸಿ ವರ್ಗಗಳು ಓಡುತ್ತವೆ. ಎನ್‌ಎಚ್‌ಆರ್‌ಎ ದೇಶವನ್ನು ಏಳು ವಿಭಾಗಗಳಾಗಿ ವಿಂಗಡಿಸಿ ಹವ್ಯಾಸಿಗಳಿಗೆ ಪ್ರತ್ಯೇಕ ಸರಣಿಯನ್ನೇ ನಡೆಸುತ್ತದೆ. ವಾರವಿಡೀ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು ವಾರಾಂತ್ಯಕ್ಕೆ ಸ್ವಂತ ಕಾರು ತಂದು ಓಡಿಸುವ ನೂರಾರು ಮಂದಿ ಇಲ್ಲದಿದ್ದರೆ ವೃತ್ತಿಪರರ ಸುತ್ತಿನಲ್ಲಿ ಪ್ರೇಕ್ಷಕರು ಬಹುಪಾಲು ಹೊತ್ತು ಖಾಲಿ ರಸ್ತೆಯನ್ನೇ ನೋಡುತ್ತಾ ಕೂರಬೇಕಾಗುತ್ತಿತ್ತು. ಯಾವುದಾದರೂ ಎಂಜಿನ್ ಒಡೆದು ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದರೆ ಇಡೀ ದಿನದ ಲೆಕ್ಕ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಎಣ್ಣೆ ಚೆಲ್ಲಿದ ತಂಡಕ್ಕೆ ದಂಡವನ್ನೂ ಅಂಕ ಕಡಿತವನ್ನೂ ವಿಧಿಸುವ ನಿಯಮವಿದೆ.

ಸಾಮಾನ್ಯವಾಗಿ ಶುಕ್ರವಾರ ಮತ್ತು ಶನಿವಾರ ಒಟ್ಟು ಮೂರೋ ನಾಲ್ಕೋ ಅರ್ಹತಾ ಓಟಗಳು ನಡೆದು, ಪ್ರತಿ ವರ್ಗದಲ್ಲಿ ಅತಿ ಕಡಿಮೆ ಸಮಯ ತೆಗೆದುಕೊಂಡ ಹದಿನಾರು ಮಂದಿ ಭಾನುವಾರದ ನಾಕೌಟ್‌ಗೆ ಉಳಿಯುತ್ತಾರೆ. 2023ರಿಂದ ಶನಿವಾರಕ್ಕೆ ಇನ್ನೊಂದು ಆಕರ್ಷಣೆ ಸೇರಿದೆ: ಹಿಂದಿನ ಸುತ್ತಿನ ಸೆಮಿಫೈನಲ್‌ನಲ್ಲಿದ್ದ ನಾಲ್ವರು ಅರ್ಹತಾ ಓಟದ ನಡುವೆಯೇ ಮತ್ತೊಮ್ಮೆ ಎದುರಾಗಿ, ಹಣಕ್ಕೂ ಹೆಚ್ಚುವರಿ ಅಂಕಗಳಿಗೂ ಸೆಣಸುತ್ತಾರೆ.

ಪ್ರಶ್ನೆ: ನಮ್ಮ ಜೋಡುಕರೆ ಕಂಬಳದಲ್ಲಿಯೂ ಎರಡು ಕರೆಗಳಲ್ಲಿ ಜೋಡಿ ಕೋಣಗಳು ಓಡುತ್ತವೆ, ಸೋತವರು ಹೊರಗೆ. ಡ್ರ್ಯಾಗ್ ರೇಸಿನಲ್ಲಿ ಯಾರು ಯಾರ ಎದುರು, ಯಾವ ಲೇನಿನಲ್ಲಿ ಎಂಬುದನ್ನು ಹೇಗೆ ನಿರ್ಧರಿಸುತ್ತಾರೆ?
— ಕೃಷಿಕರು, ಮೂಡುಬಿದಿರೆ

ಉತ್ತರ: ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ಚೀಟಿ ಎತ್ತುವುದಿಲ್ಲ. ಅರ್ಹತಾ ಓಟದಲ್ಲಿ ಮೊದಲನೆಯವರಿಗೆ ಹದಿನಾರನೆಯವರು, ಎರಡನೆಯವರಿಗೆ ಹದಿನೈದನೆಯವರು ಎದುರಾಳಿ. ಹಿಂದಿನ ಹಂತದಲ್ಲಿ ಕಡಿಮೆ ಸಮಯದಲ್ಲಿ ಓಡಿದವರಿಗೆ ಲೇನ್ ಆರಿಸುವ ಹಕ್ಕು. ಬಿಸಿಲಿಗೆ ಒಂದು ಲೇನ್ ಹೆಚ್ಚು ಕಾದು ಜಾರುತ್ತಿರುವ ದಿನ ಈ ಹಕ್ಕೇ ಅರ್ಧ ಗೆಲುವು. ಹೊರಡಲು ಬಾವುಟ ಬೀಸುವ ಕಾಲ 1963ರಲ್ಲಿ ಕ್ರಿಸ್‌ಮಸ್ ಟ್ರೀ ಎಂಬ ದೀಪಸ್ತಂಭ ಬಂದಮೇಲೆ ಮುಗಿಯಿತು. ವೃತ್ತಿಪರ ವರ್ಗಗಳಿಗೆ ಮೂರೂ ಹಳದಿ ದೀಪಗಳು ಒಮ್ಮೆಗೇ ಹೊಳೆದು, ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಕಳೆದೊಡನೆ ಹಸಿರು ಬರುತ್ತದೆ. ಹಸಿರು ನೋಡಿ ಹೊರಟವರು ಆಗಲೇ ಸೋತಂತೆ, ಹಳದಿಗೇ ಹೊರಡಬೇಕು. ಹೀಗಾಗಿ ನಿಧಾನವಾದ ಕಾರಿನವರೂ ಬೇಗ ಹೊರಟು ಗೆಲ್ಲುವುದುಂಟು.

ಪ್ರಶ್ನೆ: ಚಾಂಪಿಯನ್ ಯಾರೆಂದು ಅಂಕಗಳಿಂದ ತೀರ್ಮಾನಿಸುವುದಾದರೆ, ಋತುವಿನ ನಡುವೆ ಅಂಕಗಳನ್ನು ಅಳಿಸಿ ಹೊಸದಾಗಿ ಬರೆಯುತ್ತಾರೆಂದು ಓದಿದ್ದೇನೆ. ಇದು ನ್ಯಾಯವೇ?
— ಗಣಿತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಒಂದು ಸುತ್ತನ್ನು ಗೆದ್ದವರಿಗೆ 100 ಅಂಕ, ಫೈನಲ್‌ನಲ್ಲಿ ಸೋತವರಿಗೆ 80, ಹೀಗೆ ಹಂತಕ್ಕೆ 20ರಂತೆ ಇಳಿಯುತ್ತದೆ. ಅರ್ಹತಾ ಓಟದ ಸ್ಥಾನಕ್ಕೆ ಪ್ರತ್ಯೇಕ ಸಣ್ಣ ಅಂಕಗಳು. 2006ರ ತನಕ ವರ್ಷವಿಡೀ ಕೂಡಿಸಿ, ಹೆಚ್ಚು ಗಳಿಸಿದವರನ್ನು ಚಾಂಪಿಯನ್ ಎನ್ನುತ್ತಿದ್ದರು. 2007ರಿಂದ ಕೌಂಟ್‌ಡೌನ್ ಎಂಬ ಪದ್ಧತಿ ಬಂದಿದೆ. 2025ರಲ್ಲಿ ಮೊದಲ 14 ಸುತ್ತುಗಳು ಸಾಮಾನ್ಯ ಋತು. ಅದರ ಕೊನೆಯ ಸುತ್ತು ಇಂಡಿಯಾನಾಪೊಲಿಸ್‌ನ ಯು.ಎಸ್. ನ್ಯಾಷನಲ್ಸ್. ಅಲ್ಲಿಗೆ ಮುಂಚೂಣಿಯಲ್ಲಿರುವವರ ಅಂಕಗಳನ್ನು ಹೊಸದಾಗಿ ಬರೆದು, ಮೊದಲನೆಯವರಿಗೂ ಎರಡನೆಯವರಿಗೂ 20 ಅಂಕಗಳ, ಅಲ್ಲಿಂದ ಕೆಳಗೆ ಹತ್ತತ್ತು ಅಂಕಗಳ ಅಂತರವಷ್ಟೇ ಇರುವಂತೆ ಮಾಡುತ್ತಾರೆ. ಆಮೇಲಿನ ಆರು ಸುತ್ತುಗಳು (ಪೆನ್ಸಿಲ್ವೇನಿಯಾದ ರೆಡಿಂಗ್, ಷಾರ್ಲಟ್, ಸೇಂಟ್ ಲೂಯಿ, ಡಲ್ಲಾಸ್, ಲಾಸ್ ವೇಗಸ್, ಪೊಮೋನಾ) ಪ್ರಶಸ್ತಿಯನ್ನು ನಿರ್ಣಯಿಸುತ್ತವೆ. ಇಂಡಿಯಾನಾಪೊಲಿಸ್ ಮತ್ತು ಕೊನೆಯ ಪೊಮೋನಾ ಸುತ್ತುಗಳಲ್ಲಿ ಎಲ್ಲ ಅಂಕಗಳೂ ಒಂದೂವರೆ ಪಟ್ಟು.

ಆರು ತಿಂಗಳು ದುಡಿದು ಕೂಡಿಟ್ಟ ಮುನ್ನಡೆ ಒಂದೇ ರಾತ್ರಿಯಲ್ಲಿ 20 ಅಂಕಗಳಿಗೆ ಕುಗ್ಗುವುದನ್ನು ಲೆಕ್ಕದ ದೃಷ್ಟಿಯಿಂದ ಸಮರ್ಥಿಸುವುದು ಕಷ್ಟ. ಸಮರ್ಥನೆ ಇರುವುದು ಟಿಕೆಟ್ ಮಾರಾಟದಲ್ಲಿ, ದೂರದರ್ಶನದಲ್ಲಿ. ಶರತ್ಕಾಲದ ವಾರಾಂತ್ಯಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಎದುರಿಗಿರುವಾಗ, ಯಾರು ಗೆಲ್ಲುತ್ತಾರೆಂದು ಆಗಸ್ಟ್‌ನಲ್ಲೇ ತಿಳಿದುಹೋದ ಸ್ಪರ್ಧೆಯನ್ನು ಯಾರು ನೋಡುತ್ತಾರೆ ಎಂಬುದು ಸಂಘಟಕರ ವಾದ. ಆದರೆ ತಮಾಷೆಯೆಂದರೆ, ಹಳೆಯ ಪದ್ಧತಿಯ ಕೊನೆಯ ವರ್ಷವೇ ಈ ಕ್ರೀಡೆ ಕಂಡ ಅತಿ ರೋಚಕ ಅಂತ್ಯವನ್ನು ಕೊಟ್ಟಿತು. 2006ರ ಒಂದು ಹಂತದಲ್ಲಿ 336 ಅಂಕ ಹಿಂದಿದ್ದ ಟಾಪ್ ಫ್ಯುಯೆಲ್ ಚಾಲಕ ಟೋನಿ ಷೂಮಾಕರ್, ಪೊಮೋನಾದ ಫೈನಲ್‌ಗೆ ಬಂದಾಗ ಓಟವನ್ನು ಗೆಲ್ಲುವುದಷ್ಟೇ ಅಲ್ಲ, ರಾಷ್ಟ್ರೀಯ ದಾಖಲೆಯನ್ನೂ ಮುರಿದು ಅದರ 20 ಅಂಕಗಳನ್ನು ಪಡೆಯಬೇಕಿತ್ತು. ಋತುವಿನ ಆ ಕಟ್ಟಕಡೆಯ ಓಟದಲ್ಲಿ ಕಾಲು ಮೈಲನ್ನು 4.428 ಸೆಕೆಂಡುಗಳಲ್ಲಿ ಮುಗಿಸಿ, 14 ಅಂಕಗಳಿಂದ ಚಾಂಪಿಯನ್ ಆದರು. ಪಕ್ಕದಲ್ಲಿ ನಿಂತು ಪ್ರಶಸ್ತಿ ಕೈಜಾರುವುದನ್ನು ನೋಡಿದವರು ಡಗ್ ಕಲಿಟಾ. ಅವರು ತಮ್ಮ ಮೊದಲ ಪ್ರಶಸ್ತಿಗೆ 2023ರವರೆಗೆ ಕಾಯಬೇಕಾಯಿತು, ಅದೂ ಕೌಂಟ್‌ಡೌನ್ ಪದ್ಧತಿಯಲ್ಲಿ. 2018ರಲ್ಲಿ ಸ್ಟೀವ್ ಟೊರೆನ್ಸ್ ಆರಕ್ಕೆ ಆರೂ ಕೌಂಟ್‌ಡೌನ್ ಸುತ್ತುಗಳನ್ನು ಗೆದ್ದು ಚಾಂಪಿಯನ್ ಆದಾಗ ಹೊಸ ಪದ್ಧತಿಯ ಕುತೂಹಲವೂ ಉಳಿಯಲಿಲ್ಲ, ಹಳೆಯ ಪದ್ಧತಿಯ ಬಗೆಗಿನ ದೂರೂ ಉಳಿಯಲಿಲ್ಲ.

ಪ್ರಶ್ನೆ: ಮಳೆ ಬಂದರೆ?
— ಗೃಹಿಣಿ, ಉಡುಪಿ

ಉತ್ತರ: ನಿಲ್ಲಿಸುತ್ತಾರೆ. ಈ ಕಾರುಗಳ ಹಿಂದಿನ ಟೈರುಗಳಲ್ಲಿ ನೀರು ಹೊರಹೋಗಲು ಗೆರೆಗಳೇ ಇರುವುದಿಲ್ಲ. ಟ್ರ್ಯಾಕಿನ ಮೇಲೆ ಹಲವು ದಿನಗಳ ರಬ್ಬರ್ ಪದರವನ್ನು ಕೂರಿಸಿ, ಅಂಟು ದ್ರಾವಣ ಸಿಂಪಡಿಸಿ, ಚಪ್ಪಲಿ ಕಚ್ಚಿಕೊಳ್ಳುವಷ್ಟು ಜಿಗುಟಾಗಿಸಿರುತ್ತಾರೆ. ಅದರ ಮೇಲೆ ಹನಿ ಬಿದ್ದರೆ ಸಾಕು, ಒಣಗಿಸಲು ಬಿಸಿಗಾಳಿ ಯಂತ್ರಗಳನ್ನು ತಂದು ಗಂಟೆಗಟ್ಟಲೆ ದುಡಿಯಬೇಕು. ಈ ಕೆಲಸ ಮಾಡುವ ಸೇಫ್ಟಿ ಸಫಾರಿ ಎಂಬ ಪಡೆಗೆ ಮೂಲವಾದದ್ದು, 1954ರಲ್ಲಿ ಒಂದು ಕಾರು, ಹಿಂದೊಂದು ಟ್ರೇಲರ್ ಕಟ್ಟಿಕೊಂಡು ಊರೂರಿಗೆ ರೇಸ್ ನಡೆಸುವುದನ್ನು ಕಲಿಸಲು ಹೊರಟ ಪುಟ್ಟ ತಂಡ.

ಭಾನುವಾರ ಮುಗಿಯದಿದ್ದರೆ ಸೋಮವಾರ. ಅಂದೂ ಆಗದಿದ್ದರೆ ಉಳಿದ ಹಂತಗಳನ್ನು ಮುಂದಿನ ಊರಿನ ಅರ್ಹತಾ ಓಟಗಳ ಜೊತೆಗೇ ಓಡಿಸುವುದುಂಟು. ಆಗ ಒಂದೇ ಓಟ ಹಳೆಯ ಊರಿನ ಸೆಮಿಫೈನಲ್ಲೂ ಆಗಿ ಹೊಸ ಊರಿನ ಅರ್ಹತಾ ಓಟವೂ ಆಗಬಹುದು. ಈ ಪರಿಪಾಠ ಸಂಸ್ಥೆಯಷ್ಟೇ ಹಳೆಯದು ಎನ್ನಬೇಕು. 1955ರಲ್ಲಿ ಕಾನ್ಸಸ್‌ನ ಗ್ರೇಟ್ ಬೆಂಡ್‌ನಲ್ಲಿ ಏರ್ಪಡಿಸಿದ್ದ ಮೊತ್ತಮೊದಲ ನ್ಯಾಷನಲ್ಸ್ ಮಳೆಯಲ್ಲಿ ತೊಯ್ದುಹೋಗಿ, ಉಳಿದ ಓಟಗಳು ನವೆಂಬರಿನಲ್ಲಿ ಅರಿಜೋನಾದಲ್ಲಿ ನಡೆದವು. 1961ರಿಂದ ಆ ಸ್ಪರ್ಧೆ ಇಂಡಿಯಾನಾಪೊಲಿಸ್‌ನಲ್ಲಿ, ಕಾರ್ಮಿಕ ದಿನದ ರಜೆಗೆ ಹೊಂದಿಕೊಂಡು ನಡೆಯುತ್ತಿದೆ. ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಆ ರಜೆಯನ್ನು ಬೇರಾವ ಊರಿಗೂ ಕೊಡುವ ಯೋಚನೆ ಮಾಡಿದವರಿಲ್ಲ.

ಪ್ರಶ್ನೆ: ಹಣ ಯಾರದು?
— ಓದುಗರು, ದಾವಣಗೆರೆ

ಉತ್ತರ: ಗೇನ್ಸ್‌ವಿಲ್, ಇಂಡಿಯಾನಾಪೊಲಿಸ್ ಟ್ರ್ಯಾಕ್‌ಗಳು ಎನ್‌ಎಚ್‌ಆರ್‌ಎಯ ಸ್ವಂತದವು. ಷಾರ್ಲಟ್, ಬ್ರಿಸ್ಟಲ್, ಲಾಸ್ ವೇಗಸ್, ಸೊನೋಮಾಗಳು ಒಂದೇ ದೊಡ್ಡ ಕಂಪನಿಯ ಒಡೆತನದಲ್ಲಿವೆ. ನಾರ್‌ವಾಕ್‌ನಂಥವನ್ನು ಕುಟುಂಬಗಳು ನಡೆಸುತ್ತಿವೆ. ದಿನಾಂಕ ಕೊಡುವಾಗ ಈ ಮಾಲೀಕರೊಡನೆ ಚೌಕಾಸಿ ಇದ್ದೇ ಇರುತ್ತದೆ. ಸರಣಿಗೆ ಒಬ್ಬ ಮುಖ್ಯ ಪ್ರಾಯೋಜಕರು, ಪ್ರತಿ ಸುತ್ತಿಗೆ ಇನ್ನೊಬ್ಬರು, ತಂಡಕ್ಕೆ ಮತ್ತೊಬ್ಬರು. 1975ರಿಂದ 2001ರವರೆಗೆ ಇಡೀ ಸರಣಿ ವಿನ್‌ಸ್ಟನ್ ಸಿಗರೇಟಿನ ಹೆಸರಿನಲ್ಲಿತ್ತು. ತಂಬಾಕು ಕಂಪನಿಗಳ ಪ್ರಾಯೋಜಕತ್ವಕ್ಕೆ ಅಲ್ಲಿ ಕಡಿವಾಣ ಬಿದ್ದ ಮೇಲೆ ತಂಪು ಪಾನೀಯದವರು ಬಂದರು. 2024ರಿಂದ ಹೆಸರು ಕೊಟ್ಟಿರುವುದು ಮಿಷನ್ ಫುಡ್ಸ್ ಎಂಬ ರೊಟ್ಟಿ ತಯಾರಕರು.

ಪ್ರಶ್ನೆ: ಭಾರತದಲ್ಲಿ ಇಂಥ ಋತು ಇದೆಯೇ?
— ಓದುಗರು, ಬೆಂಗಳೂರು

ಉತ್ತರ: ಈ ಪ್ರಮಾಣದಲ್ಲಿ ಇಲ್ಲ. ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆಯ ರಾಷ್ಟ್ರೀಯ ಮೋಟಾರ್ ಸೈಕಲ್ ಡ್ರ್ಯಾಗ್ ಚಾಂಪಿಯನ್‌ಷಿಪ್ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ನೇರ ಭಾಗದಲ್ಲಿ ನಡೆಯುತ್ತದೆ. ಅದರಲ್ಲಿ ಹಲವು ಬಾರಿ ಚಾಂಪಿಯನ್ ಆದ ಹೇಮಂತ್ ಮುದ್ದಪ್ಪ ನಿಮ್ಮ ಬೆಂಗಳೂರಿನವರೇ. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನ ಓಡುದಾರಿಯಲ್ಲಿ ವ್ಯಾಲಿ ರನ್ ಎಂಬ ಸ್ಪರ್ಧೆ ಕಾರು, ಬೈಕು ಎರಡಕ್ಕೂ ನಡೆದಿದೆ.

ಪ್ರಶ್ನೆ: ಮುಂದಿನ ವರ್ಷ ಮಗಳ ಮನೆಗೆ, ಡಲ್ಲಾಸ್‌ಗೆ, ಹೋಗಲಿದ್ದೇವೆ. ಮೂರು ದಿನವೂ ಹೋಗಲಾಗದು. ಯಾವ ದಿನ ನೋಡುವುದು ಲೇಸು?
— ದಂಪತಿ, ಮೈಸೂರು

ಉತ್ತರ: ಅಲ್ಲಿನ ಸುತ್ತು ಸಾಮಾನ್ಯವಾಗಿ ಶರತ್ಕಾಲದಲ್ಲಿ, ನಗರದ ದಕ್ಷಿಣಕ್ಕಿರುವ ಎನಿಸ್ ಊರಿನ ಟೆಕ್ಸಸ್ ಮೋಟಾರ್‌ಪ್ಲೆಕ್ಸ್‌ನಲ್ಲಿ ನಡೆಯುತ್ತದೆ. ಯಾರು ಗೆದ್ದರೆಂಬುದು ಮುಖ್ಯವಾದರೆ ಭಾನುವಾರ ಹೋಗಿ. ಕಣ್ಣಿಗೆ ಹಬ್ಬ ಬೇಕಾದರೆ ಶುಕ್ರವಾರ ಸಂಜೆಯ ಅರ್ಹತಾ ಓಟಕ್ಕೆ ಹೋಗಿ: ಹೊತ್ತಿಳಿದ ಮೇಲೆ ಗಾಳಿ ತಂಪಾಗಿ, ಟ್ರ್ಯಾಕಿನ ಕಾವು ಇಳಿದು, ಎಂಜಿನ್‌ಗಳು ಹೆಚ್ಚು ಬಲ ಕೊಡುತ್ತವೆ, ಕತ್ತಲಲ್ಲಿ ಕೊಳವೆಗಳಿಂದ ಮೇಲೇಳುವ ಬಿಳಿ ಜ್ವಾಲೆ ಹಗಲಿನಲ್ಲಿ ಕಾಣುವುದಿಲ್ಲ. ಪಿಟ್‌ಗೆ ಹೋಗಲು ಮಧ್ಯಾಹ್ನವೇ ತಲುಪಿ. ಕಿವಿಗೆ ಹತ್ತಿ ಸಾಲದು. ಬಾಗಿಲಲ್ಲಿ ಮಾರುವ ನೊರೆಯ ಬಿರಡೆಗಳನ್ನು ಹಾಕಿ, ಅದರ ಮೇಲೆ ಕಿವಿಮುಚ್ಚಳವನ್ನೂ ಧರಿಸಿ. ಹೃದಯದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿ, ಮೊದಲ ಜೋಡಿಯನ್ನು ಆಸನಗಳ ಮೇಲಿನ ಸಾಲಿನಿಂದ ನೋಡುವುದು ಒಳ್ಳೆಯದು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ.